ಸಾಹೇಬರ ಸಂಗೀತ ಕಚೇರಿ

ಕನ್ನಡದಲ್ಲಿ ಕಚೇರಿ ಎಂಬ ಪದಕ್ಕೆ ಎರಡು ಅರ್ಥ. ಒಂದು, ಸಾಹೇಬರು ಕೂತು ಕಡತ ನೋಡುವ ಕಚೇರಿ. ಇನ್ನೊಂದು, ವಿದ್ವಾಂಸರು ಕೂತು ಹಾಡುವ ಕಚೇರಿ. ಇವೆರಡರ ನಡುವಿನ ಗೋಡೆ ಎಷ್ಟು ತೆಳು ಎಂಬುದನ್ನು ಕನ್ನಡದ ಗಂಧವೂ ಇಲ್ಲದ ಕೆನಡಾದ ಪೊಲೀಸ್ ಮುಖ್ಯಸ್ಥರ ಸಂಘ 2008ರಲ್ಲಿಯೇ ತೋರಿಸಿಕೊಟ್ಟಿದೆ.

ಆ ವರ್ಷ ಸಂಘದ ವಾರ್ಷಿಕ ಸಮ್ಮೇಳನ ಮಾಂಟ್ರಿಯಲ್‌ನಲ್ಲಿ ನಡೆಯಿತು. ಹಗಲೆಲ್ಲ ಅಪರಾಧ, ಅಕ್ರಮ, ಭದ್ರತೆ ಎಂದು ಭಾಷಣ ಕೇಳಿ ಬಳಲಿದ ಕಿವಿಗಳಿಗೆ ಸಂಜೆ ಸೆಲಿನ್ ಡಿಯಾನ್ ಗಾಯನ. ಟಿಕೆಟ್ಟಿಗೆಂದು ಪ್ರಾಯೋಜಕ ಕಂಪನಿಗಳು ಕೊಟ್ಟ ಮೊತ್ತ 1,15,000 ಡಾಲರ್ ಎಂದು ಆಮೇಲೆ ಪತ್ರಿಕೆಗಳಲ್ಲಿ ಬಂತು. ಸಾಹೇಬರಿಗೆ ಸಂಗೀತ ಇಷ್ಟವಾಗಬಾರದೇ? ಆಗಬೇಕು. ದಿನವಿಡೀ ಸೈರನ್ ಕೇಳುವವರಿಗೆ ಒಂದಿಷ್ಟು ಆಲಾಪನೆ ಆರೋಗ್ಯಕ್ಕೂ ಒಳ್ಳೆಯದು. ಆದರೆ ಟಿಕೆಟ್ಟಿನ ಹಿಂಬದಿಯನ್ನು ತಿರುಗಿಸಿ ನೋಡುವ ಕೆಟ್ಟ ಚಾಳಿ ಕೆಲವರಿಗಿರುತ್ತದೆ. ತಿರುಗಿಸಿದರೆ ಅಲ್ಲಿ ಸಿಜಿಐ ಎಂಬ ಸಾಫ್ಟ್‌ವೇರ್ ಕಂಪನಿಯ ಹೆಸರು ಕಂಡಿತು. ದೇಶದ ಬಂದೂಕು ನೋಂದಣಿಯ ಕಂಪ್ಯೂಟರ್ ವ್ಯವಸ್ಥೆಗೆ ಗುತ್ತಿಗೆ ಪಡೆದಿದ್ದ ಕಂಪನಿ ಅದು. ಆ ನೋಂದಣಿ ಇಲ್ಲದಿದ್ದರೆ ಪೊಲೀಸರ ಪ್ರಾಣಕ್ಕೇ ಅಪಾಯ ಎಂದು ಸಂಸತ್ತಿನ ಮುಂದೆ ಗಟ್ಟಿಯಾಗಿ ವಾದಿಸುತ್ತಿದ್ದದ್ದು ಇದೇ ಸಂಘ. ಸಂಘದ ಪ್ರಾಯೋಜಕರಲ್ಲಿ ವಿದ್ಯುತ್ ಆಘಾತ ಕೊಡುವ ಟೇಸರ್ ಪಿಸ್ತೂಲಿನ ಕಂಪನಿಯೂ ಇತ್ತು. 2007ರಲ್ಲಿ ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ಪೊಲೀಸರ ಟೇಸರ್ ಏಟು ತಿಂದ ಪ್ರಯಾಣಿಕರೊಬ್ಬರು ಸತ್ತು, ಆ ವಿಚಾರಣೆ ಇನ್ನೂ ಮುಗಿಯದೆ ಇದ್ದಾಗಲೇ, ಎಲ್ಲ ಪೊಲೀಸರ ಕೈಗೂ ಟೇಸರ್ ಸಿಗುವಂತಾಗಲಿ ಎಂದು ಸಂಘ ಪತ್ರಿಕಾಗೋಷ್ಠಿ ಕರೆದು ಹೇಳಿತು.

ಈ ಸಂಘಕ್ಕೊಬ್ಬ ನೀತಿ (ಅಂದರೆ ನೈತಿಕತೆಯ) ಸಲಹೆಗಾರರೂ ಇದ್ದರು. ಮದುವೆ ಮನೆಯಲ್ಲಿ ಮಾವ ಇದ್ದ ಹಾಗೆ. ಪೇಟ ಇದೆ, ಪಾತ್ರ ಇಲ್ಲ. ಇದೇನು ಸ್ವಾಮಿ ಎಂದು ಅವರು ಕೇಳಿದರು. ಕೇಳಿದ್ದಕ್ಕೆ ಉತ್ತರ ಬರಲಿಲ್ಲವೋ, ಬಂದ ಉತ್ತರ ಉತ್ತರದಂತೆ ಕಾಣಲಿಲ್ಲವೋ, 2009ರಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ಪ್ರಾಯೋಜಕರ ದುಡ್ಡಿಗೂ ತಮ್ಮ ಅಭಿಪ್ರಾಯಕ್ಕೂ ಸಂಬಂಧವೇ ಇಲ್ಲ ಎಂಬುದು ಸಂಘದ ನಿಲುವು. ಅಳಿಯ ಅಲ್ಲ, ಮಗಳ ಗಂಡ. ಒಟ್ಟಿನಲ್ಲಿ ಸಮ್ಮೇಳನದಿಂದ ಎದ್ದುಹೋದದ್ದು ನೀತಿಯೊಂದೇ, ಉಳಿದವರೆಲ್ಲ ಕೂತಲ್ಲೇ ಇದ್ದರು.

ಇಲ್ಲಿ ಒಂದು ಮಾತನ್ನು ನಗದೆ ಹೇಳಬೇಕು. 1989ರ ಡಿಸೆಂಬರ್ 6ರಂದು ಮಾಂಟ್ರಿಯಲ್‌ನ ಎಕೋಲ್ ಪಾಲಿಟೆಕ್ನಿಕ್ ಎಂಬ ಎಂಜಿನಿಯರಿಂಗ್ ಕಾಲೇಜಿಗೆ ನುಗ್ಗಿದ ಒಬ್ಬ, ಹುಡುಗರನ್ನು ಹೊರಗೆ ಕಳಿಸಿ ಹುಡುಗಿಯರ ಮೇಲೆ ಗುಂಡು ಹಾರಿಸಿದ. ಸತ್ತವರು 14 ಹೆಣ್ಣುಮಕ್ಕಳು. ಆ ದುಃಖದಿಂದ ಹುಟ್ಟಿದ್ದು ಬಂದೂಕು ನಿಯಂತ್ರಣ ಒಕ್ಕೂಟ. ಅಲ್ಲಿ ಬದುಕುಳಿದವರು, ಮಕ್ಕಳನ್ನು ಕಳೆದುಕೊಂಡವರು ಸರ್ಕಾರದ ಬಾಗಿಲು ಬಡಿದರು. ಅವರು ಲಾಬಿ ಮಾಡಿದರೆ ಅದು ಅವರ ಹಕ್ಕು. ನನ್ನ ಜಗಳ ಅವರೊಂದಿಗಲ್ಲ. ಬಂದೂಕು ಕಡಿಮೆಯಾಗಲಿ ಎನ್ನುವವರಲ್ಲಿ ನಾನೂ ಒಬ್ಬ. ನನ್ನ ತಕರಾರು ಆ ಮೆರವಣಿಗೆಗೆ ಬಾಡಿಗೆಗೆ ಬಂದ ಖಾಕಿಯ ಬಗ್ಗೆ (ಕೆನಡಾದಲ್ಲಿ ಅದು ಕಡುನೀಲಿ, ಇರಲಿ).

1995ರಲ್ಲಿ ಕಾನೂನು ಬಂತು. ಪ್ರತಿ ಕೋವಿಯೂ ನೋಂದಣಿಯಾಗಬೇಕು. ಖರ್ಚು? ಸರ್ಕಾರ ಲೆಕ್ಕ ಹಾಕಿ ತೋರಿಸಿತು: ವೆಚ್ಚ 119 ದಶಲಕ್ಷ ಡಾಲರ್, ಶುಲ್ಕದಿಂದ ಬರುವುದು 117 ದಶಲಕ್ಷ, ಬೊಕ್ಕಸಕ್ಕೆ ಬೀಳುವ ಹೊರೆ ಬರೀ ಎರಡು. 2002ರಲ್ಲಿ ಮಹಾಲೆಕ್ಕಪಾಲರಾದ ಶೀಲಾ ಫ್ರೇಸರ್ ಪುಸ್ತಕ ಬಿಚ್ಚಿ ನೋಡಿದರೆ, ಇನ್ನೆರಡು ಮೂರು ವರ್ಷದಲ್ಲಿ ಅದು ನೂರು ಕೋಟಿ ಡಾಲರ್ ದಾಟುತ್ತದೆ ಎಂಬ ಲೆಕ್ಕ ಬಂತು. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆ ನಮ್ಮಲ್ಲಿದೆ. ಇವರು ಇಲಿಗೆಂದು ಗುಂಡಿ ತೋಡಲು ಹೋಗಿ ಬೆಟ್ಟವನ್ನೇ ಕ್ರಯಕ್ಕೆ ಕೊಂಡರು. ಸೈಬೀರಿಯಾದ ಚಳಿಗೆ ಕೊಡೆ ಹಿಡಿದಂತಿದ್ದ ಈ ಲೆಕ್ಕ ಬಯಲಾದ ಮೇಲೂ ಅಪರಾಧ ಶಾಸ್ತ್ರದ ಪರಮ ಪಂಡಿತರಾದ ಮುಖ್ಯಸ್ಥರ ಸಂಘ ಬೆಂಬಲದಿಂದ ಕದಲಲಿಲ್ಲ.

ಬೆಂಬಲದ ರೀತಿ ಹೀಗೆ. ಒಕ್ಕೂಟದ ಬೆಂಬಲಿಗರ ಪಟ್ಟಿಯಲ್ಲಿ ಮುಖ್ಯಸ್ಥರ ಸಂಘ. ಯಾರಾದರೂ ಸಂಶಯಪಟ್ಟರೆ ಒಕ್ಕೂಟ ಹೇಳುತ್ತದೆ: ನಾವಲ್ಲ, ಸ್ವತಃ ಪೊಲೀಸರೇ ಹೇಳುತ್ತಿದ್ದಾರೆ. ಪೊಲೀಸರನ್ನು ಕೇಳಿದರೆ: ನಾವಷ್ಟೇ ಅಲ್ಲ, ಸಮಾಜವೇ ಹೇಳುತ್ತಿದೆ. ನೀನು ನನ್ನ ಬೆನ್ನು ಕೆರೆ, ನಾನು ನಿನ್ನ ಬೆನ್ನು ಕೆರೆಯುತ್ತೇನೆ. ಒಬ್ಬರಿಗೊಬ್ಬರು ಸಾಕ್ಷಿ, ಇಬ್ಬರಿಗೂ ಜಾಮೀನು. ನಡುವೆ ಒಂದು ಸಣ್ಣ ಸಂಗತಿ ಮರೆಯಾಗುತ್ತದೆ. ಮುಖ್ಯಸ್ಥರ ಸಂಘ ಎಂದರೆ ಪೊಲೀಸ್ ಇಲಾಖೆಯಲ್ಲ. ಅದೊಂದು ಖಾಸಗಿ ಸಂಘ. ಚಂದಾ, ಸಮ್ಮೇಳನ, ಪ್ರಾಯೋಜಕ, ಊಟ ಎಲ್ಲ ಉಂಟು. ಅದನ್ನು ಯಾವ ಮತದಾರನೂ ಆರಿಸಿಲ್ಲ. ಆದರೆ ಅದರ ಪತ್ರಿಕಾಗೋಷ್ಠಿಗೆ ಎಲ್ಲರೂ ಬರುವುದು ಭುಜದ ಮೇಲೆ ನಕ್ಷತ್ರ ಹಚ್ಚಿಕೊಂಡೇ.

ಪುರಾವೆ ಬೇಕೇ? ಪುರಾವೆಯೂ ಇತ್ತು. ಪೊಲೀಸರು ದಿನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸಲ ನೋಂದಣಿಯನ್ನು ನೋಡುತ್ತಾರೆ ಎಂಬ ಅಂಕಿ. ಕೇಳಿದರೆ ಮೈ ಜುಮ್ಮೆನ್ನಬೇಕು. ಹತ್ತಿರ ಹೋಗಿ ನೋಡೋಣ. ರಸ್ತೆ ಬದಿಯಲ್ಲಿ ಒಬ್ಬ ಪೇದೆ ವೇಗವಾಗಿ ಬಂದ ಕಾರನ್ನು ನಿಲ್ಲಿಸುತ್ತಾನೆ. ಚಾಲಕನ ಹೆಸರನ್ನು ತನ್ನ ಗಾಡಿಯ ಕಂಪ್ಯೂಟರಿಗೆ ಹೊಡೆಯುತ್ತಾನೆ. ಹೊಡೆದದ್ದು ದಂಡದ ಚೀಟಿಗಾಗಿ. ಆದರೆ ಆ ಕಂಪ್ಯೂಟರ್ ಹೇಳದೆ ಕೇಳದೆ ಬಂದೂಕಿನ ದಾಖಲೆಗೂ ಹೋಗಿ ತಟ್ಟಿ ಬರುತ್ತದೆ. ಪೇದೆಗೆ ಗೊತ್ತೇ ಆಗದಿದ್ದರೂ ಲೆಕ್ಕಕ್ಕೆ ಒಂದು ಸೇರಿತು. ದೇವಸ್ಥಾನದ ಮುಂದೆ ಬಸ್ಸಿನಲ್ಲಿ ಹಾದುಹೋದವರನ್ನೆಲ್ಲ ಭಕ್ತರೆಂದು ಎಣಿಸಿದರೆ ಹುಂಡಿಯ ಲೆಕ್ಕ ಏನಾಗಬೇಡ!

2010ರ ಸೆಪ್ಟೆಂಬರ್‌ನಲ್ಲಿ ಉದ್ದ ಕೋವಿಗಳ ನೋಂದಣಿ ರದ್ದುಮಾಡುವ ಮಸೂದೆ 153ಕ್ಕೆ 151 ಮತಗಳಿಂದ ಬಿತ್ತು. ಸಂಘದ ಆಗಿನ ಮುಖವಾಗಿದ್ದವರು ಟೊರಾಂಟೊ ಪೊಲೀಸ್ ಮುಖ್ಯಸ್ಥ ಬಿಲ್ ಬ್ಲೇರ್. ಕ್ಯಾಲ್ಗರಿಯ ಮುಖ್ಯಸ್ಥರು ನೋಂದಣಿಯಿಂದ ಏನೂ ಪ್ರಯೋಜನವಿಲ್ಲ ಎಂದರು. ಅದು ಅವರ ವೈಯಕ್ತಿಕ ಅಭಿಪ್ರಾಯವಾಯಿತು. ಬ್ಲೇರ್ ಅದು ಬೇಕೇ ಬೇಕು ಎಂದರು. ಅದು ಪೊಲೀಸರ ಅಭಿಪ್ರಾಯವಾಯಿತು.

ಬ್ಲೇರ್‌ಗಿಂತ ಮುಂಚೆ ಟೊರಾಂಟೊದಲ್ಲಿ ಅದೇ ಪದವಿಯಲ್ಲಿದ್ದವರು ಜೂಲಿಯನ್ ಫ್ಯಾಂಟಿನೊ. ಅವರು ಈ ನೋಂದಣಿಯ ಕಡುವಿರೋಧಿ. ಒಂದೇ ಊರು, ಒಂದೇ ಕುರ್ಚಿ, ಒಂದೇ ಟೋಪಿ. ತಜ್ಞರ ಅಭಿಪ್ರಾಯ ಮಾತ್ರ ಎರಡು. ಫ್ಯಾಂಟಿನೊ 2010ರಲ್ಲಿ ಕನ್ಸರ್ವೇಟಿವ್ ಸಂಸದರಾಗಿ ಆಮೇಲೆ ಸಚಿವರೂ ಆದರು. ಅವರ ಪಕ್ಷ 2012ರಲ್ಲಿ ಉದ್ದ ಕೋವಿಗಳ ನೋಂದಣಿಯನ್ನು ರದ್ದು ಮಾಡಿತು. ಬ್ಲೇರ್ 2015ರಲ್ಲಿ ಲಿಬರಲ್ ಸಂಸದರಾಗಿ ಆಮೇಲೆ ಸಚಿವರಾದರು. ಅವರ ಸರ್ಕಾರ 2020ರಲ್ಲಿ ಹಲವು ಮಾದರಿಯ ಬಂದೂಕುಗಳನ್ನು ನಿಷೇಧಿಸಿತು. ಬಂದೂಕಿನ ವಿಷಯದಲ್ಲಿ ಎಣ್ಣೆ ಸೀಗೆಕಾಯಿಯಂತಿದ್ದ ಈ ಇಬ್ಬರನ್ನು ಕೊನೆಗೂ ಒಂದು ಮಾಡಿದ್ದು ಗಾಂಜಾ. ಅದನ್ನು ಕಾನೂನುಬದ್ಧಗೊಳಿಸುವ ಕೆಲಸದ ಉಸ್ತುವಾರಿ ಬ್ಲೇರ್ ಅವರದು. ಗಾಂಜಾಕ್ಕೆ ಅನುಮತಿ ಕೊಡುವುದು ಕೊಲೆಗೆ ಅನುಮತಿ ಕೊಟ್ಟ ಹಾಗೆ ಎಂಬರ್ಥದಲ್ಲಿ 2004ರಲ್ಲಿ ಗುಡುಗಿದ್ದ ಫ್ಯಾಂಟಿನೊ, 2017ರಲ್ಲಿ ವೈದ್ಯಕೀಯ ಗಾಂಜಾ ಕಂಪನಿಯ ಉದ್ಘಾಟನೆಗೆ ಸ್ವತಃ ರಿಬ್ಬನ್ ಹಿಡಿದು ನಿಂತರು. ಅದು ಅವರದೇ ಕಂಪನಿ.

ಬಂದೂಕುಪ್ರಿಯರ ಕಡೆಯವರೇನು ಸಾಚಾ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಕನ್ಸರ್ವೇಟಿವ್ ಪಕ್ಷದ ಹಾರ್ಪರ್ ಪ್ರಧಾನಿಯಾಗಿದ್ದಾಗ ಬಂದೂಕು ಸಲಹಾ ಸಮಿತಿಯಲ್ಲಿ ಬಂದೂಕುಪ್ರಿಯರದೇ ಕಾರುಬಾರು. ವಶಪಡಿಸಿಕೊಂಡ ಬಂದೂಕುಗಳನ್ನು ಸುಟ್ಟು ಹಾಳುಮಾಡುವ ಬದಲು ಪೊಲೀಸರೇ ಮಾರಬಾರದೇಕೆ ಎಂದು ಆ ಸಮಿತಿ ಕೇಳಿತು. ಕಳ್ಳನಿಂದ ಕಿತ್ತದ್ದನ್ನು ಸಂತೆಗೆ ಹಾಕುವ ಈ ಗೃಹಕೈಗಾರಿಕೆಯ ಆಲೋಚನೆಗೆ ಹಾರ್ಪರ್ ಅವರೇ ಬೆಚ್ಚಿ ದೂರ ಸರಿದರು. ನೋಂದಣಿಯ ದಾಖಲೆಗಳನ್ನು ನಾಶಮಾಡುವಾಗ ಮಾತ್ರ ಬೆಚ್ಚಲಿಲ್ಲ. ಮಾಹಿತಿ ಹಕ್ಕಿನ ಅರ್ಜಿಯೊಂದು ಬಾಕಿ ಇರುವಾಗಲೇ ಫೆಡರಲ್ ಪೊಲೀಸರು ದಾಖಲೆ ಅಳಿಸಿದರು. ಇದು ಅಪರಾಧ ಎಂದು ಮಾಹಿತಿ ಆಯುಕ್ತರು ಹೇಳಿದಾಗ ಸರ್ಕಾರ 2015ರ ಬಜೆಟ್ ಮಸೂದೆಯೊಳಗೆ ಒಂದು ತಿದ್ದುಪಡಿ ತುರುಕಿ, ಅದನ್ನು ಹಿಂದಿನ ದಿನಾಂಕದಿಂದಲೇ ಜಾರಿಗೊಳಿಸಿತು. ತಪ್ಪು ಮಾಡಿದ ಮೇಲೆ ಪಂಚಾಂಗವನ್ನೇ ತಿದ್ದಿದರು.

2019ಕ್ಕೆ ಬರೋಣ. ಲಿಬರಲ್ಲರ ಕಾಲ. ಈಗ ಅದೇ ಮುಖ್ಯಸ್ಥರ ಸಂಘದ ಅಧ್ಯಕ್ಷರು, ವ್ಯಾಂಕೂವರ್‌ನ ಸಾಹೇಬರು, ಇರುವ ಕಾನೂನೇ ಬಿಗಿಯಾಗಿದೆ, ಕೈಬಂದೂಕು ನಿಷೇಧ ಬೇಕಿಲ್ಲ ಎಂದುಬಿಟ್ಟರು. ಸಂಘದ ಮಾತನ್ನು ವೇದವಾಕ್ಯ ಎನ್ನುತ್ತಿದ್ದವರಿಗೆಲ್ಲ ಆ ದಿನ ಒಟ್ಟಿಗೇ ಕಿವಿ ಮುಚ್ಚಿಹೋಯಿತು. 2022ರಲ್ಲಿ ಕೈಬಂದೂಕಿನ ಮಾರಾಟ ನಿಂತೇ ನಿಂತಿತು.

ಅದಕ್ಕೂ ಮುಂಚೆ, 2020ರ ಏಪ್ರಿಲ್‌ನಲ್ಲಿ, ನೋವಾ ಸ್ಕೋಷಿಯಾದಲ್ಲಿ ಒಬ್ಬ ಪೊಲೀಸ್ ವೇಷ ತೊಟ್ಟು, ಪೊಲೀಸ್ ಗಾಡಿಯಂತೆ ಬಣ್ಣ ಬಳಿದ ಕಾರಿನಲ್ಲಿ ತಿರುಗಿ 22 ಜನರನ್ನು ಕೊಂದ. ಅವನಿಗೆ ಬಂದೂಕಿನ ಪರವಾನಗಿ ಇರಲಿಲ್ಲ. ಹೆಚ್ಚಿನ ಬಂದೂಕುಗಳು ಅಮೆರಿಕದಿಂದ ಕಳ್ಳದಾರಿಯಲ್ಲಿ ಬಂದವು. ಏಪ್ರಿಲ್ 28ರಂದು ಫೆಡರಲ್ ಪೊಲೀಸ್ ಆಯುಕ್ತೆ ಬ್ರೆಂಡಾ ಲಕ್ಕಿ ಅಲ್ಲಿನ ಅಧಿಕಾರಿಗಳೊಂದಿಗೆ ಫೋನಿನಲ್ಲಿ ಸಭೆ ನಡೆಸಿದರು. ಕೊಲೆಗಾರ ಬಳಸಿದ ಬಂದೂಕುಗಳ ವಿವರ ಬಹಿರಂಗಪಡಿಸುವುದಾಗಿ ಸಚಿವ ಬ್ಲೇರ್ ಅವರಿಗೂ ಪ್ರಧಾನಿ ಕಚೇರಿಗೂ ಮಾತು ಕೊಟ್ಟಿದ್ದೆ, ಬರಲಿರುವ ಬಂದೂಕು ಕಾನೂನಿಗೆ ಅದು ಬೇಕಿತ್ತು ಎಂದು ಆಯುಕ್ತೆ ಹೇಳಿದರೆಂದು ಅಲ್ಲಿದ್ದ ಅಧಿಕಾರಿಯೊಬ್ಬರು ಟಿಪ್ಪಣಿ ಬರೆದಿಟ್ಟುಕೊಂಡರು. ತನಿಖೆ ಹಾಳಾಗುತ್ತದೆಂದು ಸ್ಥಳೀಯ ಅಧಿಕಾರಿಗಳು ವಿವರ ಬಿಟ್ಟುಕೊಟ್ಟಿರಲಿಲ್ಲ. ಮೂರು ದಿನಕ್ಕೆ, ಮೇ 1ರಂದು, ಸುಮಾರು 1,500 ಮಾದರಿಯ ಬಂದೂಕುಗಳ ನಿಷೇಧ ಪ್ರಕಟವಾಯಿತು. ಒತ್ತಡ ಹಾಕಿಲ್ಲ ಎಂದು ಸಚಿವರೂ, ಒತ್ತಡ ಇರಲಿಲ್ಲ ಎಂದು ಆಯುಕ್ತೆಯೂ ಹೇಳಿದರು. ಆಮೇಲೆ ಆ ಸಭೆಯ ಧ್ವನಿಮುದ್ರಣವೂ ಹೊರಬಂತು. ಹಾಡುಗಾರರಿಗಷ್ಟೇ ಅಲ್ಲ, ಸಾಹೇಬರಿಗೂ ಧ್ವನಿಮುದ್ರಣದ ಭಾಗ್ಯ.

ನಿಷೇಧಿಸಿದ ಬಂದೂಕುಗಳನ್ನು ಮರಳಿ ಕೊಳ್ಳುವ ಕತೆ ಇನ್ನೂ ನಡೆಯುತ್ತಿದೆ. ಅವುಗಳನ್ನು ಇನ್ನೂ ಇಟ್ಟುಕೊಂಡವರಿಗೆ ಕ್ಷಮಾದಾನದ ಗಡುವು 2022ಕ್ಕೆ ಇದ್ದದ್ದು 2023, ಆಮೇಲೆ 2025, ಈಗ 2026ರ ಅಕ್ಟೋಬರ್. ಬಂದೂಕಿನ ಪೊಟ್ಟಣ ಹೊರಲು ನಮ್ಮಿಂದಾಗದು ಎಂದು ಅಂಚೆ ಸಂಸ್ಥೆಯೇ ಕೈಮುಗಿಯಿತು. 2025ರಲ್ಲಿ ಸಾರ್ವಜನಿಕ ಸುರಕ್ಷತಾ ಸಚಿವ ಗ್ಯಾರಿ ಆನಂದಸಂಗರಿ, ಊರ ಪೊಲೀಸರ ಬಳಿ ಇದಕ್ಕೆ ಜನವೂ ಇಲ್ಲ, ಹಣವೂ ಇಲ್ಲ ಎಂಬರ್ಥದ ಮಾತನ್ನು ತಮ್ಮ ಬಾಡಿಗೆದಾರನ ಬಳಿ ಆಡಿದರು, ಬಾಡಿಗೆದಾರ ಅದನ್ನೂ ಧ್ವನಿಮುದ್ರಿಸಿಕೊಂಡ. ಕೇಪ್ ಬ್ರೆಟನ್‌ನಲ್ಲಿ ಪ್ರಯೋಗಾರ್ಥವಾಗಿ ಸಂಗ್ರಹ ನಡೆಯಿತು. ನಿರೀಕ್ಷೆ ಇನ್ನೂರು, ಬಂದದ್ದು 25.

ಅಂದ ಹಾಗೆ, ಒಂದು ಹೇಳಲು ಮರೆತೆ. 2010ರ ಆಗಸ್ಟ್‌ನಲ್ಲಿ, ಆ 153–151ರ ಮತದಾನಕ್ಕೆ ತಿಂಗಳಿರುವಾಗ, ಬಂದೂಕು ನೋಂದಣಿ ವಿಭಾಗದ ಮುಖ್ಯ ಅಧಿಕಾರಿ ಎಡ್ಮಂಟನ್‌ನಲ್ಲಿ ಮುಖ್ಯಸ್ಥರ ಸಮ್ಮೇಳನಕ್ಕೆ ಹೋಗುವವರಿದ್ದರು. ನೋಂದಣಿಯ ಪರವಾದ ವರದಿ ಮಂಡಿಸಿ, ಸಂಘದಿಂದ ಪ್ರಶಸ್ತಿಯನ್ನೂ ಪಡೆಯಬೇಕಿತ್ತು. ಅಷ್ಟರಲ್ಲಿ ಅವರನ್ನು ಹುದ್ದೆಯಿಂದ ಎತ್ತಲಾಯಿತು. ಕಾರಣ, ದೇಶದ ಎರಡು ಆಡಳಿತ ಭಾಷೆಗಳಲ್ಲೊಂದಾದ ಫ್ರೆಂಚ್ ಅವರಿಗೆ ಬರುವುದಿಲ್ಲ. ಹೋಗಿ ಕಲಿತು ಬರಲಿ. ಹೋದರು, ಪಾಪ. ಪ್ರಾಯೋಜಕರ ಖರ್ಚಿನಲ್ಲಿ ಸೆಲಿನ್ ಡಿಯಾನ್ ಇನ್ನೊಮ್ಮೆ ಹಾಡಲು ಬಂದರೆ, ಫ್ರೆಂಚ್ ಹಾಡಿನ ಅರ್ಥ ತಿಳಿದು ತಲೆದೂಗುವ ಒಬ್ಬ ಅಧಿಕಾರಿಯಾದರೂ ಮುಂದಿನ ಸಾಲಿನಲ್ಲಿ ಇರುತ್ತಾರೆ.