ಹೋಗುವವರು ಬಿಟ್ಟು ಹೋಗುವ ಮಾತು

ಜಪಾನಿನ ಜುಜುತ್ಸು ಕೈಸೆನ್ ಕಥೆಯ ಬಗ್ಗೆ ಮಾತು ಬಂದರೆ ಎಲ್ಲರೂ ಅದರ ಮಹಾ ಬಲಶಾಲಿಗಳಾದ ಗೋಜೊ, ಸುಕುನಾ ಅಂತ ಶುರು ಮಾಡುತ್ತಾರೆ. ಯಾರ ಶಕ್ತಿ ಜಾಸ್ತಿ, ಯಾರು ಯಾರನ್ನು ಸೋಲಿಸಿದರು ಅಂತ. ನನ್ನ ಮನಸ್ಸಿಗೆ ಹತ್ತಿದ್ದು ಬೇರೆ. ಇದು ಸಾಯುವವರು ಉಳಿದವರಿಗೆ ಹೇಳಿ ಹೋಗುವ ಮಾತಿನ ಕಥೆ ಅಂತಲೇ ನಾನು ನಂಬಿದ್ದೇನೆ. ಮಂಗಾ ಅಂದರೆ ಜಪಾನಿ ಚಿತ್ರಕಥೆ ಓದಿ, ಸಿನಿಮಾ ನೋಡಿ, ಅನಿಮೆ ಅಂದರೆ ಅದರ ಕಾರ್ಟೂನ್ ಸರಣಿಯನ್ನು ಎರಡೆರಡು ಸಲ ನೋಡಿದ ಮೇಲೆ ಈ ನಂಬಿಕೆ ಗಟ್ಟಿಯಾಗಿದೆ. ಮುಂದೆ ಕಥೆಯ ಗುಟ್ಟುಗಳೆಲ್ಲ ಬರುತ್ತವೆ. ಇನ್ನೂ ನೋಡದವರು ಇಲ್ಲೇ ನಿಲ್ಲಿಸಿ, ನೋಡಿ ಬಂದು ಓದಿ.

ಗೊತ್ತಿಲ್ಲದವರಿಗೆ ಎರಡು ಮಾತು. ಗೆಗೆ ಅಕುತಾಮಿ ಬರೆದು ಚಿತ್ರಿಸಿದ ಈ ಮಂಗಾ 2018ರ ಮಾರ್ಚ್‌ನಿಂದ 2024ರ ಸೆಪ್ಟೆಂಬರ್‌ವರೆಗೆ ಜಪಾನಿನ ವಾರಪತ್ರಿಕೆ ಶೋನೆನ್ ಜಂಪ್‌ನಲ್ಲಿ ಬಂತು. ಒಟ್ಟು 271 ಅಧ್ಯಾಯ, 30 ಪುಸ್ತಕ. ಮನುಷ್ಯರ ಭಯ, ಸಿಟ್ಟು, ಸಂಕಟ ಎಲ್ಲ ಒಂದು ಕಡೆ ಸೇರಿ ಶಾಪವಾಗಿ ಹುಟ್ಟುತ್ತವೆ. ಅವುಗಳನ್ನು ಬಡಿಯುವವರು ಮಾಂತ್ರಿಕರು. ಜುಜುತ್ಸು ಅಂದರೆ ಶಾಪದ ವಿದ್ಯೆ. ಕುಸ್ತಿಯ ಜೂಜುತ್ಸು ಬೇರೆ, ಅದರಲ್ಲಿ ಮೊದಲ ಅಕ್ಷರಕ್ಕೆ ದೀರ್ಘ.

ಮೊದಲ ಅಧ್ಯಾಯದಲ್ಲೇ ಒಂದು ಸಾವಿದೆ. ಆಸ್ಪತ್ರೆಯ ಮಂಚದ ಮೇಲೆ ತಾತ. ಪಕ್ಕದಲ್ಲಿ ಮೊಮ್ಮಗ ಯುಜಿ, ಹೈಸ್ಕೂಲ್ ಹುಡುಗ. ನೀನು ಗಟ್ಟಿಮುಟ್ಟಾಗಿದ್ದೀಯ, ಕೈಲಾದಷ್ಟು ಜನರಿಗೆ ಸಹಾಯ ಮಾಡು, ಸಾಯುವಾಗ ನಿನ್ನ ಸುತ್ತ ಜನ ಇರಲಿ, ನನ್ನ ಹಾಗೆ ಆಗಬೇಡ ಅಂತ ತಾತ ಹೇಳುತ್ತಾನೆ. ಅಷ್ಟೇ. ಯುಜಿ ನರ್ಸನ್ನು ಕರೆಯುವ ಗುಂಡಿ ಒತ್ತುತ್ತಾನೆ. ಏನಾಯ್ತು ಅಂತ ಆ ಕಡೆಯಿಂದ ಕೇಳಿದರೆ, ತಾತ ಹೋದರು ಅನ್ನುತ್ತಾನೆ. ಆಮೇಲೆ ಮಾಂತ್ರಿಕರ ಜೊತೆ ಸೇರುವ ಆ ಹುಡುಗ ಮಾಡುವ ಒಂದೊಂದು ಕೆಲಸದ ಹಿಂದೆಯೂ ಈ ಮಾತಿದೆ. ಅದು ಅವನನ್ನು ಎತ್ತಿ ನಿಲ್ಲಿಸುತ್ತದೆ, ಹಿಂಡಿ ಹಾಕುತ್ತದೆ ಕೂಡ.

ಸಿನಿಮಾಕ್ಕೆ ಬರೋಣ. ಜುಜುತ್ಸು ಕೈಸೆನ್ ಸೊನ್ನೆ. ಮುಖ್ಯ ಕಥೆಗಿಂತ ಮೊದಲು, 2017ರಲ್ಲಿ ಅಕುತಾಮಿ ಬರೆದ ನಾಲ್ಕು ಅಧ್ಯಾಯಗಳ ಸಣ್ಣ ಮಂಗಾ ಅದಕ್ಕೆ ಮೂಲ. ಕಥೆಯಲ್ಲಿ ದೊಡ್ಡ ಕಾಳಗ ನಡೆಯುವುದು ಡಿಸೆಂಬರ್ 24ಕ್ಕೆ. 2021ರಲ್ಲಿ ಅದೇ ದಿನ ಸಿನಿಮಾ ಬಿಡುಗಡೆ ಮಾಡಿದರು. ಯುತಾ, ರಿಕಾ ಅಂತ ಇಬ್ಬರು ಪುಟ್ಟ ಮಕ್ಕಳು. ದೊಡ್ಡವರಾದ ಮೇಲೆ ಮದುವೆಯಾಗೋಣ ಅಂತ ರಿಕಾ ಯುತಾನಿಗೆ ಉಂಗುರ ಕೊಟ್ಟಿರುತ್ತಾಳೆ. ರಿಕಾ ಅಪಘಾತದಲ್ಲಿ ಸಾಯುತ್ತಾಳೆ, ಘೋರ ರೂಪದ ಶಾಪವಾಗಿ ಯುತಾನ ಜೊತೆಗೇ ಉಳಿಯುತ್ತಾಳೆ. ಅವಳು ಇವನಿಗೆ ಶಾಪ ಹಾಕಿದ್ದಾಳೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಕೊನೆಗೆ ಗೊತ್ತಾಗುವುದು ಉಲ್ಟಾ. ರಸ್ತೆಯಲ್ಲಿ ಬಿದ್ದವಳನ್ನು ನೋಡಿ, ಸಾಯಬಾರದು ಅಂತ ಆ ಹುಡುಗ ಅಂದುಕೊಂಡಿದ್ದೇ ಅವಳನ್ನು ಹಿಡಿದಿಟ್ಟ ಶಾಪ.

ಮಂಗಾದಲ್ಲಿ ಇದನ್ನು ಓದಿದಾಗ ಚೆನ್ನಾಗಿದೆ ಅನ್ನಿಸಿತ್ತು. ಸಿನಿಮಾದಲ್ಲಿ ನನ್ನ ಗಂಟಲು ಕಟ್ಟಿತು. ಕಾರಣ ದನಿ. ರಿಕಾಳಿಗೆ ದನಿ ಕೊಟ್ಟವರು ಹನಾಜಾವಾ ಕಾನಾ. ಇಡೀ ಸಿನಿಮಾ ಗೊಗ್ಗರು ದನಿಯಲ್ಲಿ ಕಿರುಚಿದವಳು ಕೊನೆಯಲ್ಲಿ ಮತ್ತೆ ಮಗುವಾಗುತ್ತಾಳೆ. ಬದುಕಿದ್ದಾಗಿನಕ್ಕಿಂತ ಈ ಆರು ವರ್ಷವೇ ಖುಷಿಯಾಗಿದ್ದೆ ಅನ್ನುತ್ತಾಳೆ. ತುಂಬ ಬೇಗ ಈ ಕಡೆ ಬರಬೇಡ ಅಂತ ಹೇಳಿ ಹೋಗುತ್ತಾಳೆ. ಕಾಗದದ ಮೇಲೆ ಆ ಮಗುವಿನ ದನಿ ನನಗೆ ಕೇಳಿಸಿರಲಿಲ್ಲ.

ಇದೇ ಸಿನಿಮಾದಲ್ಲಿ ಇನುಮಾಕಿ ಅಂತ ಒಬ್ಬ ಹುಡುಗ ಇದ್ದಾನೆ. ನನಗೆ ತುಂಬ ಇಷ್ಟ. ಅವನು ಆಡಿದ ಮಾತು ಹಾಗೇ ನಡೆದುಬಿಡುತ್ತದೆ. ಅದಕ್ಕೆ ಯಾರಿಗೂ ತೊಂದರೆಯಾಗದಿರಲಿ ಅಂತ ಅನ್ನದ ಉಂಡೆಯೊಳಗೆ ಇಡುವ ಪದಾರ್ಥಗಳ ಹೆಸರಲ್ಲಿ ಮಾತ್ರ ಮಾತಾಡುತ್ತಾನೆ. ಹೌದು ಅನ್ನಲು ಸಾಲ್ಮನ್ ಮೀನು. ಅಲ್ಲ ಅನ್ನಲು ಒಣಮೀನಿನ ಹೆರಕಲು. ನಮಗಿದು ಅರ್ಥವಾಗಲು ಕಷ್ಟವೇನಿಲ್ಲ, ಅಲ್ವಾ? ಬಾಯಿತಪ್ಪಿ ಕೆಟ್ಟದ್ದು ಬಂದರೆ 'ಬಿಡ್ತು ಅನ್ನು' ಅಂತ ಗದರಿಸುವ ಅಜ್ಜಿಯರ ಕೈಯಲ್ಲಿ ಬೆಳೆದವರು ನಾವು.

ಇನ್ನು ನಾನಾಮಿ. ಆಫೀಸು ಕೆಲಸ ಬಿಟ್ಟು ಮಾಂತ್ರಿಕನಾಗಿ ವಾಪಸ್ ಬಂದವನು. ಸೂಟು, ಟೈ, ಅಳತೆಯ ಮಾತು. ಟೋಕಿಯೊದ ಶಿಬುಯಾ ರೈಲು ನಿಲ್ದಾಣದಲ್ಲಿ ಕಾಳಗ ನಡೆದು ಅವನ ಮೈ ಅರ್ಧ ಸುಟ್ಟಿದೆ. ಒಂದು ಕಣ್ಣಿಲ್ಲ. ಹಾಗೇ ನಡೆಯುತ್ತಾ ಮಲೇಷ್ಯಾದ ಕುವಾಂತಾನ್ ನೆನೆಸಿಕೊಳ್ಳುತ್ತಾನೆ. ಅಲ್ಲಿ ಸಮುದ್ರದ ಪಕ್ಕ ಒಂದು ಮನೆ ಕಟ್ಟಬೇಕು, ಕೊಂಡು ಓದದೇ ಇಟ್ಟ ಪುಸ್ತಕಗಳನ್ನು ಒಂದೊಂದೇ ಹಾಳೆ ಓದಬೇಕು. ಮಂಗಾದ 120ನೇ ಅಧ್ಯಾಯ ಇದು. ಕಪ್ಪುಬಿಳುಪು ಚೌಕಗಳು, ತಡೆತಡೆದು ಬರುವ ಮಾತು. ಎಷ್ಟು ಹೊತ್ತು ಬೇಕಾದರೂ ಒಂದು ಚೌಕದಲ್ಲಿ ನಿಲ್ಲಬಹುದು, ನಾನು ನಿಂತೆ. 2023ರ ನವೆಂಬರ್‌ನಲ್ಲಿ ಇದೇ ಅನಿಮೆಯಾಗಿ ಬಂದಾಗ ನಿಲ್ಲುವ ಹಾಗಿರಲಿಲ್ಲ. ಒಂದು ಕ್ಷಣ ಬಿಸಿಲು, ಮರಳು, ನೀಲಿ ನೀರು. ಮರುಕ್ಷಣ ಕತ್ತಲೆ, ರಕ್ತ. ತ್ಸುದಾ ಕೆಂಜಿರೊ ದನಿಯಲ್ಲಿ ಸಿಟ್ಟಿಲ್ಲ, ಸುಸ್ತು ಮಾತ್ರ ಇದೆ. ಆ ದಿನಗಳಲ್ಲೇ ಇದಕ್ಕೆ ಚಿತ್ರ ಬರೆದ ಕಲಾವಿದರು ಸಮಯ ಸಾಲುತ್ತಿಲ್ಲ ಅಂತ ಬಹಿರಂಗವಾಗಿ ನೋವು ತೋಡಿಕೊಂಡಿದ್ದರು. ಅವರಿಗೆ ಇನ್ನಷ್ಟು ದಿನ ಕೊಡಬೇಕಿತ್ತು. ಈ ಮಾತನ್ನು ನಾನು ಪ್ರತಿ ಸಲ ಹೇಳುತ್ತೇನೆ.

ಸಾಯುವ ಮುಂಚೆ ನಾನಾಮಿಯ ಕಣ್ಣಿಗೆ ಯುಜಿ ಬೀಳುತ್ತಾನೆ. ಈಗ ನಾನು ಏನಾದರೂ ಹೇಳಿದರೆ ಅದು ಈ ಹುಡುಗನಿಗೆ ಶಾಪವಾಗುತ್ತದೆ, ಹೇಳಬಾರದು ಅಂತ ಅವನಿಗೆ ಗೊತ್ತು. ಗೊತ್ತಿದ್ದೂ ಹೇಳುತ್ತಾನೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಇಲ್ಲಿ ಒಂದು ಸಂಗತಿ ಕಳೆದುಹೋಗುತ್ತದೆ. ನಾನಾಮಿ ತನಗಿಂತ ಚಿಕ್ಕವರನ್ನೂ ಮರ್ಯಾದೆಯಿಂದ ಮಾತಾಡಿಸುವವನು. ಆ ಕೊನೆಯ ಮಾತೂ ಹಾಗೇ ಇದೆ. ಕನ್ನಡದಲ್ಲಿ ಹೇಳುವುದಾದರೆ, 'ಇನ್ನು ಮುಂದೆ ನೀವು ನೋಡಿಕೊಳ್ಳಿ.' ನೋಡ್ಕೋ ಅಲ್ಲ. ಹದಿನೈದು ವರ್ಷದ ಹುಡುಗನಿಗೆ ನೀವು.

ಈ ಕಥೆಯ ವಿಡಿಯೊ ಆಟಗಳೂ ಬಂದಿವೆ, ರಂಗದ ಮೇಲೂ ತಂದಿದ್ದಾರೆ. 2024ರಲ್ಲಿ ಬಂದ ಹೊಡೆದಾಟದ ಆಟ ಸ್ವಲ್ಪ ಆಡಿದೆ. ನನಗೆ ಬೇಕಾದದ್ದು ಅದರಲ್ಲಿ ಸಿಗಲಿಲ್ಲ.

ಜಪಾನಿ ಲಿಪಿಯಲ್ಲಿ ಶಾಪಕ್ಕೆ ಬರೆಯುವ ಅಕ್ಷರವನ್ನು ನೊರೊಯ್ ಅಂತ ಓದಿದರೆ ಶಾಪ. ಅದನ್ನೇ ಮಜಿನಾಯ್ ಅಂತ ಓದಿದರೆ ಒಳ್ಳೆಯದಾಗಲಿ ಅಂತ ಹಾಕುವ ಮಂತ್ರ. ಇದು ಗೊತ್ತಾದ ದಿನ ನನಗೆ ನಮ್ಮಪ್ಪ ನೆನಪಾದರು. ಐಸಿಯು ಬಾಗಿಲಲ್ಲಿ ನನ್ನ ಮಣಿಕಟ್ಟು ಹಿಡಿದು 'ಅಮ್ಮನ್ನ ನೋಡ್ಕೋ ಮಗಾ' ಅಂದಿದ್ದರು. ಹನ್ನೊಂದು ವರ್ಷವಾಯಿತು. ಅದು ಎರಡರಲ್ಲಿ ಯಾವುದು ಅಂತ ಕೇಳಿದರೆ, ದಿನಕ್ಕೊಂದು ಉತ್ತರ ಬರುತ್ತದೆ.

ಹೋದ ತಿಂಗಳು ಅಕ್ಕನ ಮಗನನ್ನು ಹಾಸ್ಟೆಲ್‌ಗೆ ಕಳಿಸಲು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ನನಗೆ ಈ ಕಥೆ ತೋರಿಸಿಕೊಟ್ಟವನು ಅವನೇ. ಕಿಟಕಿಯಿಂದ ಕೈ ಚಾಚಿ 'ಹೋಗ್ಬರ್ತೀನಿ ಮಾಮ' ಅಂದ. ಚೆನ್ನಾಗಿ ಓದು, ನಿಮ್ಮಮ್ಮನ ಕಷ್ಟ ನೆನಪಿಟ್ಟುಕೋ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. 'ಹೊತ್ತು ಹೊತ್ತಿಗೆ ಊಟ ಮಾಡೋ' ಅಂದೆ.