ಕಿವಿ ಮುಟ್ಟು, ನೋಡೋಣ

ಜೂನ್ 1 ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಅವತ್ತು ನನ್ನ ಹುಟ್ಟುಹಬ್ಬ. ಅಣ್ಣನದೂ ಅವತ್ತೇ. ನನ್ನ ಜೊತೆ ಒಂದನೇ ಕ್ಲಾಸಿಗೆ ಸೇರಿದ ಮುಕ್ಕಾಲು ಪಾಲು ಹುಡುಗರದೂ ಅವತ್ತೇ. ಹಾಗಂತ ನಮ್ಮೂರಿನ ತಾಯಂದಿರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆತ್ತರು ಅಂತಲ್ಲ. ನಾನು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಅಮ್ಮ, "ಆ ವರ್ಷ ಕೆರೆ ಕೋಡಿ ಬಿದ್ದಿತ್ತು, ರಾಗಿ ತೆನೆ ಕಟ್ಟಿತ್ತು" ಎನ್ನುತ್ತಿದ್ದಳು. ಮೇಷ್ಟ್ರ ದಾಖಲಾತಿ ಪುಸ್ತಕದಲ್ಲಿ ಕೆರೆ ಕೋಡಿಗೆ ಕಾಲಂ ಇರಲಿಲ್ಲ. ಶಾಲೆ ಶುರುವಾಗುವ ತಾರೀಕನ್ನೇ ಬರೆದು ಮುಗಿಸಿದರು.

ಅದಕ್ಕೂ ಮೊದಲು ಒಂದು ಪರೀಕ್ಷೆ ಇತ್ತು. ಬಲಗೈಯನ್ನು ನೆತ್ತಿ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ತುಂಬಿತು, ಪಾಸ್. ಇಲ್ಲದಿದ್ದರೆ "ಮುಂದಿನ ವರ್ಷ ಬಾರೋ". ನನ್ನ ಬೆರಳು ಕಿವಿಗೆ ಒಂದಿಂಚು ಸಾಲದೆ ಹೋಯಿತು. ನಾನು ಮೆಲ್ಲಗೆ ಕತ್ತು ವಾಲಿಸಿದೆ. ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಾ ಹೆಸರು ಬರೆದುಕೊಂಡರು. ಮಕ್ಕಳ ತಲೆ ಎಣಿಕೆ ಕಮ್ಮಿಯಾದರೆ ಅವರ ಪೋಸ್ಟಿಗೇ ಕುತ್ತು ಅನ್ನುವುದು ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ.

ಜನನ ಪ್ರಮಾಣಪತ್ರ ಬಂದ ಮೇಲೆ ಈ ವಿದ್ಯೆ ನಮ್ಮಲ್ಲಿ ಹಾಳಾಯಿತು ಎಂದುಕೊಂಡಿದ್ದೆ. ಇಲ್ಲ, ಸುರಕ್ಷಿತವಾಗಿದೆ. ಇಂಗ್ಲೆಂಡಿನಲ್ಲಿದೆ.

ಅಫ್ಘಾನಿಸ್ತಾನದಿಂದಲೋ ಸುಡಾನಿನಿಂದಲೋ ಹೊರಟ ಹುಡುಗ. ಜೊತೆಗೆ ಅಪ್ಪ ಅಮ್ಮ ಇಲ್ಲ. ಫ್ರಾನ್ಸಿಗೂ ಇಂಗ್ಲೆಂಡಿಗೂ ನಡುವಿನ ಸಮುದ್ರವನ್ನು ರಬ್ಬರ್ ದೋಣಿಯಲ್ಲಿ ದಾಟಿ ಡೋವರ್ ಬಂದರಿಗೆ ಬರುತ್ತಾನೆ. ಬಟ್ಟೆ ಒದ್ದೆ, ಕೈಯಲ್ಲಿ ಕಾಗದಪತ್ರ ಇಲ್ಲ. ಮೇಜಿನ ಆಚೆ ಕೂತ ಸಾಹೇಬರು ಕೇಳುತ್ತಾರೆ, "ಎಷ್ಟು ವರ್ಷ?" ಹುಡುಗ "ಹದಿನಾರು" ಅನ್ನುತ್ತಾನೆ. ಇಲ್ಲಿಂದ ಶುರು.

ಹದಿನೆಂಟಕ್ಕಿಂತ ಕಮ್ಮಿ ಎಂದಾದರೆ ಅವನು ಮಗು. ಸ್ಥಳೀಯ ಕೌನ್ಸಿಲ್ ಅವನ ಹೊಣೆ ಹೊರಬೇಕು, ಇರಲು ಮನೆ, ಶಾಲೆ, ನೋಡಿಕೊಳ್ಳುವವರು, ಎಲ್ಲ ಕೊಡಬೇಕು. ಖರ್ಚಿನ ಬಾಬತ್ತು. ಹದಿನೆಂಟು ದಾಟಿದೆ ಎಂದಾದರೆ ದೊಡ್ಡವರ ಹೋಟೆಲಿನಲ್ಲಿ ಒಂದು ಮಂಚ, ಅಷ್ಟೇ. ನಮ್ಮ ಬಸ್ಸಿನಲ್ಲಿ ಹಾಫ್ ಟಿಕೆಟ್ಟಿಗೆ ಜಗಳ ಆಗುವುದನ್ನು ನೋಡಿದ್ದೀರಲ್ಲ? ತಾಯಿ "ಇನ್ನೂ ಐದು ಸ್ವಾಮಿ" ಅನ್ನುತ್ತಾಳೆ, ಮಗು "ಇಲ್ಲಮ್ಮ, ನಂಗೆ ಏಳು" ಅನ್ನುತ್ತೆ, ಕಂಡಕ್ಟರ್ ನಗುತ್ತಾ ಟಿಕೆಟ್ ಹರಿಯುತ್ತಾರೆ. ಡೋವರಿನ ಕಂಡಕ್ಟರ್ ನಗುವುದಿಲ್ಲ. ಮುಖ ನೋಡುತ್ತಾರೆ, ನಡವಳಿಕೆ ನೋಡುತ್ತಾರೆ. ಹದಿನೆಂಟಕ್ಕಿಂತ ತುಂಬಾನೇ ಜಾಸ್ತಿ ಎಂದು ಬಲವಾಗಿ ಅನಿಸಿದರೆ ಮಾತ್ರ ದೊಡ್ಡವನೆಂದು ಬರೆಯಿರಿ, ಅನುಮಾನವಿದ್ದರೆ ಮಗು ಅಂದುಕೊಳ್ಳಿ ಅಂತಲೇ ಅವರ ನಿಯಮ. ಆದರೆ ಸಾವಿರಾರು ಮೈಲಿ ನಡೆದು, ಲಾರಿಯ ಅಡಿ ಮಲಗಿ, ಸಮುದ್ರ ದಾಟಿ ಬಂದ ಹುಡುಗನ ಮುಖ ಹದಿನಾರರ ಹಾಗೆ ಇರುತ್ತದೆಯೇ? ಪಿಯುಸಿ ಪರೀಕ್ಷೆ ಬರೆದು ಬಂದ ನಮ್ಮ ಹುಡುಗನೇ ಮೂವತ್ತರವನ ಹಾಗೆ ಕಾಣುತ್ತಾನೆ.

ಹೀಗೆ ಅಂದಾಜಿನ ಮೇಲೆ ದೊಡ್ಡವರಾದ ಮಕ್ಕಳೆಷ್ಟು? 2022ರ ಜನವರಿಯಿಂದ 18 ತಿಂಗಳಲ್ಲಿ ಕನಿಷ್ಠ 1,300 ಎಂದು ನಿರಾಶ್ರಿತರಿಗೆ ನೆರವಾಗುವ ಹೆಲೆನ್ ಬ್ಯಾಂಬರ್ ಫೌಂಡೇಶನ್ ಮತ್ತು ಅದರ ಜೊತೆಗಾರ ಸಂಸ್ಥೆಗಳು ಲೆಕ್ಕ ಕೊಟ್ಟಿವೆ. ಹುಟ್ಟಿದ ದಿನ ಗೊತ್ತಿಲ್ಲದ ನಿರಾಶ್ರಿತರಿಗೆ ಪಶ್ಚಿಮದ ದೇಶಗಳಲ್ಲಿ ಜನವರಿ 1 ಎಂದು ಬರೆದುಬಿಡುವ ರೂಢಿ ಉಂಟು. ನಮಗೆ ಜೂನ್ 1, ಅವರಿಗೆ ಜನವರಿ 1. ವ್ಯತ್ಯಾಸ ಇಷ್ಟೇ: ನಮ್ಮ ಮೇಷ್ಟ್ರು ಬರೆದ ತಾರೀಕಿನಿಂದ ಯಾವ ಹುಡುಗನೂ ಗುರುತಿಲ್ಲದ ಗಂಡಸರ ಜೊತೆ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕಾಗಿ ಬರಲಿಲ್ಲ.

ಮುಖದಿಂದ ಆಗುವುದಿಲ್ಲ ಎಂದಮೇಲೆ ವಿಜ್ಞಾನಕ್ಕೆ ಬಂದರು. ಬುದ್ಧಿಹಲ್ಲಿನ ಎಕ್ಸ್‌ರೇ, ಕೈ ಮಣಿಕಟ್ಟಿನ ಎಕ್ಸ್‌ರೇ, ಮಂಡಿಗೆ ಮತ್ತು ಕತ್ತಿನ ಕೆಳಗಿನ ಮೂಳೆಗೆ ಎಂಆರ್‌ಐ. 2024ರ ಜನವರಿಯಲ್ಲಿ ಇದಕ್ಕೆ ನಿಯಮವೂ ಬಂತು. ನಾನು ತಪ್ಪದೆ ಹುಡುಕಿದೆ, ಕಿವಿ ಮುಟ್ಟುವುದು ಆ ಪಟ್ಟಿಯಲ್ಲಿ ಇಲ್ಲ. ಮೇಷ್ಟ್ರು ಪೇಟೆಂಟ್ ಮಾಡಿಸಿರಲಿಲ್ಲ, ಪಾಪ. ಹಲ್ಲು ನೋಡಿ ವಯಸ್ಸು ಹೇಳುವುದು ಸರಿಯಲ್ಲ ಎಂದು ಬ್ರಿಟನ್ನಿನ ಹಲ್ಲಿನ ಡಾಕ್ಟರುಗಳ ಸಂಘವೇ ವರ್ಷಗಳಿಂದ ಹೇಳುತ್ತಾ ಬಂದಿದೆ. ನಮ್ಮ ಚಿಕ್ಕಪ್ಪನಿಗೆ ಐವತ್ತಾದರೂ ಬುದ್ಧಿಹಲ್ಲು ಬಂದಿಲ್ಲ. "ಹಲ್ಲೊಂದೇ ಅಲ್ಲ" ಎನ್ನುತ್ತಾರೆ ಚಿಕ್ಕಮ್ಮ. ಈ ಲೆಕ್ಕದಲ್ಲಿ ಚಿಕ್ಕಪ್ಪ ಡೋವರಿನಲ್ಲಿ ಇಳಿದರೆ ಅವರಿಗೆ ಶಾಲೆ ಸೀಟು ಗ್ಯಾರಂಟಿ. 2025ರ ಜುಲೈನಲ್ಲಿ ಮತ್ತೊಂದು ಸುದ್ದಿ ಬಂತು: ಇನ್ನು ಮುಖ ನೋಡಿ ಎಐ ವಯಸ್ಸು ಹೇಳುತ್ತದಂತೆ. ಅಂದರೆ ಸುತ್ತಿ ಸುತ್ತಿ ಮತ್ತೆ ಮುಖಕ್ಕೇ ಬಂದರು. ತಪ್ಪಾದರೆ ಬೈಯಲು ಇನ್ನು ಸಾಹೇಬರೂ ಸಿಗಲಿಕ್ಕಿಲ್ಲ.

ಇದೇ ಡೋವರಿನಲ್ಲಿ, ಮಕ್ಕಳು ಮೊದಲು ಬಂದು ಕೂರುವ ಕಟ್ಟಡದ ಗೋಡೆ ಮೇಲೆ ಮಿಕ್ಕಿ ಮೌಸ್ ಚಿತ್ರ ಇತ್ತು. ಜಂಗಲ್ ಬುಕ್ ಕಥೆಯ ಬಾಲೂ ಕರಡಿಯೂ ಇತ್ತು. 2023ರಲ್ಲಿ ಆಗಿನ ವಲಸೆ ಸಚಿವ ರಾಬರ್ಟ್ ಜೆನ್ರಿಕ್ ಅವರಿಗೆ ಈ ಚಿತ್ರಗಳು ತೀರಾ ಸ್ವಾಗತ ಮಾಡುವ ಹಾಗೆ ಕಂಡವು. ಸುಣ್ಣ ಬಳಿಸಿದರು. ಖರ್ಚು ಒಂದೂವರೆ ಸಾವಿರ ಪೌಂಡ್. ಸುಡಾನಿನ ಮಕ್ಕಳು ಮಿಕ್ಕಿಯನ್ನು ನೋಡಲೆಂದೇ ದೋಣಿ ಹತ್ತುತ್ತಿದ್ದರು, ಈಗ ನಿಲ್ಲುತ್ತದೆ ಎಂದು ಲೆಕ್ಕ ಇದ್ದಿರಬೇಕು. ಪಾರ್ಲಿಮೆಂಟಿನಲ್ಲಿ ಕೇಳಿದಾಗ ಸಚಿವರು ಕೊಟ್ಟ ಉತ್ತರ ಇನ್ನೂ ಚೆನ್ನಾಗಿದೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಹದಿಹರೆಯದವರು, ಆ ಚಿತ್ರಗಳು ಅವರ ವಯಸ್ಸಿಗೆ ತಕ್ಕದ್ದಲ್ಲ ಅಂದರು. ನೋಡಿ, ಹುಡುಗ "ಹದಿನಾರು" ಅಂದರೆ ನಂಬುವುದಿಲ್ಲ, ಗೋಡೆಗೆ ಸುಣ್ಣ ಹೊಡೆಯಬೇಕಾದಾಗ ಮಾತ್ರ ಅವನು ಹದಿನಾರೇ. (ಬಾಲೂ ನಮ್ಮ ಮಧ್ಯಪ್ರದೇಶದ ಕಾಡಿನ ಕಡೆಯ ಕರಡಿ. ಅವನ ಹತ್ತಿರವೂ ಕಾಗದಪತ್ರ ಇರಲಿಲ್ಲ. ಹೋಗಲಿ ಬಿಡಿ.)

ಇಂಗ್ಲೆಂಡಿನಲ್ಲಿ ಮಗು ತಾನು ಮಗು ಎಂದು ಸಾಬೀತು ಮಾಡಬೇಕು. ಅಟ್ಲಾಂಟಿಕ್ ದಾಟಿದರೆ ರಗಳೆ ಬೇರೆ. ಅಮೆರಿಕದಲ್ಲಿ ಮಗುವನ್ನು ಮಗು ಎಂದು ಒಪ್ಪಿಕೊಂಡರೂ ಮುಗಿಯಲಿಲ್ಲ. ಸುಮ್ನೆ ಎದ್ದು ನಿಂತು ತನ್ನ ಕೇಸು ತಾನು ವಾದಿಸಿಕೊಳ್ಳಬೇಕು, ಅಷ್ಟೇ.

ಅಲ್ಲಿ ಜೇಬುಗಳ್ಳತನದ ಕೇಸಿನಲ್ಲಿ ಜೈಲಿಗೆ ಹೋಗುವ ಸಾಧ್ಯತೆ ಇದ್ದರೆ ಬಡವನಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ದೇಶದಿಂದ ಹೊರಹಾಕುವ ಕೇಸು ಮಾತ್ರ ಕ್ರಿಮಿನಲ್ ಅಲ್ಲ, ಸಿವಿಲ್. ಸಿವಿಲ್ಲಿನಲ್ಲಿ ಪುಕ್ಕಟೆ ವಕೀಲರಿಲ್ಲ. ದುಡ್ಡಿದ್ದರೆ ಇಟ್ಟುಕೊಳ್ಳಬಹುದು, ಅದು ನಿಮ್ಮ ಹಕ್ಕು. ಎದುರು ಪಕ್ಷದಲ್ಲಿ ಸರ್ಕಾರದ ವಕೀಲರು ತಪ್ಪದೆ ಇರುತ್ತಾರೆ, ಅವರಿಗೆ ಸಂಬಳವೂ ಇರುತ್ತದೆ. ಇದನ್ನು ಪ್ರಶ್ನಿಸಿ ಸಿಯಾಟಲ್‌ನಲ್ಲಿ ಮಕ್ಕಳ ಪರವಾಗಿ ಕೇಸು ಹಾಕಿದಾಗ, ಬೇರೆ ಜಡ್ಜುಗಳಿಗೆ ತರಬೇತಿ ಕೊಡುವ ಹೊಣೆ ಹೊತ್ತಿದ್ದ ಹಿರಿಯ ವಲಸೆ ಜಡ್ಜ್ ಜಾಕ್ ವೀಲ್ ಪ್ರಮಾಣ ಮಾಡಿ ಹೇಳಿದ ಮಾತು 2016ರಲ್ಲಿ ಹೊರಬಂತು. ಮೂರು ವರ್ಷ, ನಾಲ್ಕು ವರ್ಷದ ಮಕ್ಕಳಿಗೆ ತಾವು ವಲಸೆ ಕಾನೂನು ಕಲಿಸಿದ್ದೇವೆ, ತುಂಬಾ ಹೊತ್ತು ಹಿಡಿಯುತ್ತದೆ, ತಾಳ್ಮೆ ಬೇಕು, ಆದರೆ ಅವರಿಗೆ ಅರ್ಥವಾಗುತ್ತದೆ ಎಂದರು. ಸಂದರ್ಭ ಬಿಟ್ಟು ಮಾತು ಎತ್ತಿದ್ದಾರೆ ಎಂದು ಆಮೇಲೆ ಹೇಳಿದರು. ಇದನ್ನು ಯಾವ ಸಂದರ್ಭದಲ್ಲಿ ಇಟ್ಟರೆ ಸರಿಹೋಗುತ್ತದೋ, ನಾನೂ ಯೋಚಿಸುತ್ತಲೇ ಇದ್ದೇನೆ.

ದೊಡ್ಡವರು ಹೇಳಿದ ಮೇಲೆ ಪ್ರಯೋಗ ಮಾಡಿ ನೋಡಬೇಕಲ್ವಾ? ನಮ್ಮ ಅಕ್ಕನ ಮೊಮ್ಮಗನಿಗೆ ಮೂರೂವರೆ ವರ್ಷ. ಬೆಳಿಗ್ಗೆ ತಿಂಡಿಗೆ ಕೂತಿದ್ದಾಗ ಪಾಠ ಶುರು ಮಾಡಿದೆ. ಆಶ್ರಯ ಬೇಕಾದರೆ ಐದು ಕಾರಣಗಳಲ್ಲಿ ಒಂದಾದರೂ ಇರಬೇಕು ಕಂದ: ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಒಂದು ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ.

"ನೀನು ಯಾವ ಗುಂಪು?"

"ರೆಡ್ ಹೌಸ್."

"ನಿನ್ನ ಅಭಿಪ್ರಾಯ?"

"ಉಪ್ಪಿಟ್ಟು ಬೇಡ."

ದೃಢವಾದ ಅಭಿಪ್ರಾಯವೇ. ಮುಂದಿನ ಪ್ರಶ್ನೆಗೆ ಹೋದೆ. ವಾಪಸ್ ಕಳಿಸಿದರೆ ನಿನಗೆ ಯಾರ ಭಯ?

"ಗುಮ್ಮ."

ಇಲ್ಲಿ ನಾನೇ ಸಿಕ್ಕಿಬಿದ್ದೆ. ಕಾನೂನು ಕೇಳುವುದು ಇದನ್ನೇ: ಕಾಟ ಕೊಡುವವನು ಸರ್ಕಾರದ ಕಡೆಯವನೋ, ಅಥವಾ ಸರ್ಕಾರ ತಡೆಯಲಾರದ, ತಡೆಯಲು ಮನಸ್ಸಿಲ್ಲದ ಖಾಸಗಿಯವನೋ? ಹೊಂಡುರಾಸ್, ಎಲ್ ಸಾಲ್ವಡಾರ್‌ನಿಂದ ಬಂದ ಎಷ್ಟೋ ಮಕ್ಕಳ ಕೇಸು ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಅವರ ಗುಮ್ಮನ ಹೆಸರು ಗ್ಯಾಂಗ್, ಅವನ ಕೈಯಲ್ಲಿ ಬಂದೂಕು. ನಮ್ಮ ಹುಡುಗನಿಗೆ ಗುಮ್ಮ ಸರ್ಕಾರದವನೋ ಖಾಸಗಿಯೋ ಎಂದು ಕೇಳಿದೆ. ಅವನು ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನು ಒಂದೊಂದಾಗಿ ಹೆಕ್ಕಿ ನನ್ನ ತಟ್ಟೆಗೆ ಹಾಕಿದ. ವಾಯಿದೆ ಕೊಟ್ಟೆ.

ಅಲ್ಲಿನ ಮಕ್ಕಳಿಗೆ ವಕೀಲರು ಯಾರೂ ಇಲ್ಲ ಅಂತಲ್ಲ. ಸೇವಾ ಸಂಸ್ಥೆಗಳ ವಕೀಲರಿದ್ದಾರೆ, ಅವರಿಗೆ ಸರ್ಕಾರ ಒಂದಷ್ಟು ದುಡ್ಡು ಕೊಡುತ್ತಿತ್ತು. 2025ರ ಮಾರ್ಚ್‌ನಲ್ಲಿ ಆ ಗುತ್ತಿಗೆಯನ್ನೂ ಕತ್ತರಿಸಿದರು. ಅದರ ನೆರಳಿನಲ್ಲಿ ಇದ್ದ ಮಕ್ಕಳು ಸುಮಾರು 26,000. ದುಡ್ಡು ಮತ್ತೆ ಕೊಡಿ ಎಂದು ಕೋರ್ಟೇ ಹೇಳಬೇಕಾಯಿತು.

ಹಲ್ಲಿನ ಮಾತು ಬಂದಿತ್ತಲ್ಲ, ಅಮೆರಿಕದವರಿಗೂ ಹಲ್ಲಿನ ಚಿಂತೆ ಉಂಟು. ಹಿಡಿದಿಟ್ಟ ಮಕ್ಕಳನ್ನು ಸುರಕ್ಷಿತವಾಗಿ, ಶುಚಿಯಾಗಿ ಇಡಬೇಕು ಎಂದು ಸರ್ಕಾರ ಕೋರ್ಟಿನಲ್ಲಿ ಒಪ್ಪಿಕೊಂಡ 1997ರ ಫ್ಲೋರೆಸ್ ಒಪ್ಪಂದ ಹೇಳುತ್ತದೆ. 2019ರ ಜೂನ್‌ನಲ್ಲಿ ಸರ್ಕಾರದ ವಕೀಲರು ಮೇಲ್ಮನವಿ ಕೋರ್ಟಿನಲ್ಲಿ ನಿಂತು, ಶುಚಿ ಎಂದರೆ ಸೋಪು, ಹಲ್ಲುಜ್ಜುವ ಬ್ರಷ್ಷು ಕೊಡಲೇಬೇಕು ಅಂತ ಒಪ್ಪಂದದಲ್ಲಿ ಎಲ್ಲಿ ಬರೆದಿದೆ ಎಂಬ ಧಾಟಿಯಲ್ಲಿ ವಾದಿಸಿದರು. ಪೀಠದಲ್ಲಿ ಕೂತಿದ್ದ ಮೂವರಲ್ಲಿ ಒಬ್ಬರು ಜಡ್ಜ್ ವಾಲೆಸ್ ತಾಶಿಮಾ. ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನಿ ಮೂಲದವರು ಎಂಬ ಒಂದೇ ಕಾರಣಕ್ಕೆ ಅಮೆರಿಕ ಸರ್ಕಾರ ಹುಡುಗನಾಗಿದ್ದ ಅವರನ್ನು ಅರಿಜೋನಾದ ಮರಳುಗಾಡಿನ ಶಿಬಿರದಲ್ಲಿ ಕೂಡಿಹಾಕಿತ್ತು. ಸೋಪು, ಬ್ರಷ್ಷು, ಕಂಬಳಿ ಇಲ್ಲದಿದ್ದರೆ ಅದು ಶುಚಿಯಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ ಅಲ್ಲವೇ ಎಂದು ಅವರು ಕೇಳಿದರು. ಅಂದರೆ ಬ್ರಿಟನ್ನಿನವರು ಹಲ್ಲು ತೋರಿಸು ಅನ್ನುತ್ತಾರೆ, ಅಮೆರಿಕದವರು ಉಜ್ಜಬೇಡ ಅನ್ನುತ್ತಾರೆ.

ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸದೆ ಉಳಿದಿರುವ ಒಂದೇ ಸದಸ್ಯ ದೇಶ ಅಮೆರಿಕ. 1995ರಲ್ಲಿ ರುಜು ಹಾಕಿ ಪೆನ್ನು ಜೇಬಿಗೆ ಇಟ್ಟುಕೊಂಡವರು ಮುಂದಿನ ಕೆಲಸ ಮಾಡಲೇ ಇಲ್ಲ. ನಾವು 1992ರಲ್ಲೇ ಒಪ್ಪಿಕೊಂಡೆವು. ನಿರಾಶ್ರಿತರ 1951ರ ಒಪ್ಪಂದದ ತಂಟೆಗೆ ಮಾತ್ರ ಹೋಗಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನನ್ನೂ ಮಾಡಿಲ್ಲ. ಹಾಗಾಗಿ ನಮ್ಮಲ್ಲಿ ಅಂಥ ಕಾನೂನಿನ ಉಲ್ಲಂಘನೆ ಒಂದೂ ಇಲ್ಲ, ದಾಖಲೆ ಸ್ವಚ್ಛ. ಬೈಲುಕುಪ್ಪೆಯಲ್ಲಿ ಟಿಬೆಟಿನ ಮಕ್ಕಳಿಗೆ ಶಾಲೆ ಸಿಕ್ಕಿತು. ದೆಹಲಿಯ ರೋಹಿಂಗ್ಯಾ ಮಕ್ಕಳ ಶಾಲೆ ಸೀಟಿನ ಮಾತು 2025ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ಬಹುಶಃ ಅವರ ಕೈ ಕಿವಿಗೆ ಮುಟ್ಟಲಿಲ್ಲ.

ಇರಲಿ, ಅಮೆರಿಕದ ಕೋರ್ಟಿಗೆ ವಾಪಸ್ ಬರೋಣ. ಅಲ್ಲಿ ಒಬ್ಬ ಕಕ್ಷಿದಾರರು ಕಾಯುತ್ತಿದ್ದಾರೆ.

2018ರ ಜುಲೈ, ಅರಿಜೋನಾದ ಫೀನಿಕ್ಸ್. ಗಡಿಯಲ್ಲಿ ಅಪ್ಪ ಅಮ್ಮನಿಂದ ಮಕ್ಕಳನ್ನು ಬೇರೆ ಮಾಡಿದ ಬೇಸಿಗೆ ಅದು. ಕಕ್ಷಿದಾರರ ಊರು ಹೊಂಡುರಾಸ್, ವಯಸ್ಸು ಒಂದು ವರ್ಷ. ಇವರಿಗೆ ಹಲ್ಲಿನ ಎಕ್ಸ್‌ರೇ ಬೇಕಾಗಲಿಲ್ಲ. ಹಸಿರು ಅಂಗಿ ತೊಟ್ಟಿದ್ದರು. ಸರದಿ ಬರುವ ತನಕ ಬಾಟಲಿಯಲ್ಲಿ ಹಾಲು ಕುಡಿದರು, ನೆಲಕ್ಕೆ ಬಿದ್ದರೆ ಮಿನುಗುವ ನೇರಳೆ ಚೆಂಡಿನಲ್ಲಿ ಆಡಿದರು, ನಡುನಡುವೆ ಸ್ಪ್ಯಾನಿಷಿನಲ್ಲಿ ನೀರು ಕೇಳಿದರು. ಅಪ್ಪನನ್ನು ಆಗಲೇ ಹೊಂಡುರಾಸಿಗೆ ಕಳಿಸಿಯಾಗಿತ್ತು. ವಿಚಾರಣೆ ಅರ್ಥವಾಗುತ್ತಿದೆಯೇ ಎಂದು ಕಕ್ಷಿದಾರರನ್ನು ಕೇಳುವುದು ಜಡ್ಜ್ ಕೆಲಸ. ಇದನ್ನು ಕೇಳಲು ನನಗೇ ನಾಚಿಕೆ, ಒಂದು ವರ್ಷದ ಮಗು ವಲಸೆ ಕಾನೂನು ಕಲಿಯುತ್ತದೆ ಎಂದು ನಿಮಗೆ ಅನಿಸಿದರೆ ಬೇರೆ ಮಾತು ಎಂದು ಅವರು ಮಗುವಿನ ಪರ ಬಂದಿದ್ದ ವಕೀಲರಿಗೆ ಹೇಳಿದರು. ನಾಚಿಕೆ ಪಟ್ಟುಕೊಂಡೇ ಕೇಸು ಮುಂದುವರಿಸಿದರು. ಕೊನೆಗೆ ಆದೇಶ ಬಂತು. ಮಗುವನ್ನು ಸರ್ಕಾರ ವಿಮಾನ ಹತ್ತಿಸಿ ಊರಿಗೆ ಕಳಿಸುತ್ತದೆ. ಕಾನೂನಿನಲ್ಲಿ ಇದಕ್ಕೆ ಇರುವ ಹೆಸರು ಸ್ವಇಚ್ಛೆಯ ನಿರ್ಗಮನ.

ನೋಡಿಕೊಳ್ಳಲು ಬಂದಿದ್ದಾಕೆ ಡಯಾಪರ್ ಚೀಲ ಎತ್ತಿಕೊಳ್ಳಬೇಕಿತ್ತು. ಮಗುವನ್ನು ಒಂದು ಗಳಿಗೆ ಬೇರೊಬ್ಬರ ಕೈಗೆ ಕೊಟ್ಟರು. ಕಕ್ಷಿದಾರರು ಕಿರುಚಿ ಅತ್ತರು. ಇಡೀ ವಿಚಾರಣೆಯಲ್ಲಿ ಅವರು ಸಲ್ಲಿಸಿದ ತಕರಾರು ಅರ್ಜಿ ಅದೊಂದೇ.