ಸಾಲ ತೀರಿತು, ಕಾಲ ತೀರಿತು

ಗಾಂಧಿ ಬಜಾರಿನ ದರ್ಶಿನಿಯೊಂದರಲ್ಲಿ ಭಾನುವಾರ ಬೆಳಗ್ಗೆ ಗೆಳೆಯ ಹೇಳಿದ್ದು, "ನಮ್ಮ ಭಾವನ ಸಾಲ ತೀರಿತು ಕಣೋ." ನನಗೆ ಕೇಳಿಸಿದ್ದು, "ಕಾಲ ತೀರಿತು." ಕೈಯಲ್ಲಿದ್ದ ವಡೆಯನ್ನು ತಟ್ಟೆಗಿಟ್ಟು, "ಅಯ್ಯೋ, ಯಾವಾಗ?" ಎಂದೆ. "ಮೊನ್ನೆ. ಮನೆಯಲ್ಲಿ ಪಾಯಸ ಮಾಡಿದ್ದರು" ಎಂದ.

ಆಗ ನನ್ನ ಎರಡೂ ಕಿವಿಗಳಲ್ಲಿ ಒಂದೂಕಾಲು ಲಕ್ಷದ ಶ್ರವಣಯಂತ್ರಗಳಿದ್ದವು.

ಮನೆಗೆ ಬಂದವನೇ ಅವನ್ನು ಬಿಚ್ಚಿ ಮೇಜಿನ ಖಾನೆಗೆ ಹಾಕಿ, ಮಾರಿದವರನ್ನು ಒಂದು ವಾರ ಬೈದೆ. ಅವರು ಸುಳ್ಳು ಹೇಳಿರಲಿಲ್ಲ, ನಿಜ. ಆದರೆ ಸದ್ದಿಲ್ಲದ ಎ.ಸಿ. ಕೋಣೆಯಲ್ಲಿ ಎರಡಡಿ ದೂರ ಕೂತು "ತಿಂಡಿ ಏನಾಯಿತು ಸರ್?" ಎಂದು ಕೇಳಿದರೆ ಯಾವ ಯಂತ್ರಕ್ಕೂ ಕೇಳಿಸುತ್ತದೆ. ಮದುವೆ ಮನೆಯ ಓಲಗದ ನಡುವೆ ಏನಾಗುತ್ತದೆ ಎಂಬ ಮಾತನ್ನೇ ಯಾರೂ ಎತ್ತಲಿಲ್ಲ.

ಆಮೇಲೆ ಒಬ್ಬ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು, ತಾಳ್ಮೆಯಿಂದ ಬಿಡಿಸಿ ಹೇಳಿದರು. ಒಳಗಿವಿಯ ಸುರುಳಿಯಲ್ಲಿ ಸುಮಾರು 12,000 ಹೊರ ಕೂದಲಕೋಶಗಳಿವೆ. ಸಣ್ಣ ಸದ್ದನ್ನು ಎತ್ತಿ ಕೊಡುವುದು, ಒಂದು ಸ್ವರವನ್ನು ಪಕ್ಕದ ಸ್ವರದಿಂದ ಬೇರ್ಪಡಿಸುವುದು, ಎರಡೂ ಅವುಗಳದೇ ಕೆಲಸ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಎತ್ತಿ ಕೊಡುವ ಕೆಲಸವನ್ನು ಯಂತ್ರ ಮಾಡುತ್ತದೆ, ಬೇರ್ಪಡಿಸುವ ಕೆಲಸ ಅದರಿಂದ ಆಗುವುದಿಲ್ಲ. ಹಾಗಾಗಿ ಗೆಳೆಯನ ಮಾತಿನ ಜೊತೆಗೆ ಚಟ್ನಿ ರುಬ್ಬುವ ಮಿಕ್ಸಿ, ಸ್ಟೀಲ್ ತಟ್ಟೆಗಳ ರಾಶಿ, ಹೊರಗಿನ ಆಟೋ ಹಾರ್ನ್ ಎಲ್ಲವೂ ದೊಡ್ಡದಾಗಿಯೇ ಬಂದು ಬೀಳುತ್ತವೆ. ಮೊದಲು ಮುಳುಗುವುದು ವ್ಯಂಜನ. ಹಾಲು, ಸಾಲು, ಪಾಲು, ಕಾಲು: ಆ ಗದ್ದಲದಲ್ಲಿ ನಾಲ್ಕೂ ನನಗೆ ಬರೀ "ಆಲು".

ಯಂತ್ರದೊಳಗೆ ಜಾಣತನ ಇಲ್ಲವೆಂದಲ್ಲ. ಎದುರಿನ ದನಿಗೆ ಒತ್ತು ಕೊಡುವ ಜೋಡಿ ಮೈಕ್ ಇದೆ. ಅದರಿಂದ ಸಿಗುವುದು ಎರಡು ಮೂರು ಡೆಸಿಬೆಲ್‌ನಷ್ಟು ಅನುಕೂಲ. ದರ್ಶಿನಿಯ ಗ್ರಾನೈಟ್ ಗೋಡೆಗಳ ಪ್ರತಿಧ್ವನಿ ಅದರಲ್ಲೂ ಪಾಲು ಕೇಳುತ್ತದೆ. ಗದ್ದಲ ತಗ್ಗಿಸುವ ಸೌಲಭ್ಯದಿಂದ ತಲೆನೋವು ಕಡಿಮೆಯಾಯಿತು, ಅರ್ಥವಾಗುವ ಪದಗಳೇನೂ ಹೆಚ್ಚಲಿಲ್ಲ. ಹೊಸ ಮಾದರಿಗಳು ಕೃತಕ ಬುದ್ಧಿಮತ್ತೆಯಿಂದ ಮಾತನ್ನು ಹೆಕ್ಕಿ ತೆಗೆಯುತ್ತವಂತೆ. ಸಂತೋಷ. ನಾನಂತೂ ಮಿಕ್ಸಿ ಪಕ್ಕದಲ್ಲಿ ನಿಂತು ಪರೀಕ್ಷಿಸದೆ ದುಡ್ಡು ಬಿಚ್ಚುವವನಲ್ಲ.

ನನ್ನ ತಕರಾರು ಇರುವುದೇ ಇಲ್ಲಿ. ಆಡಿಯೋಗ್ರಾಂ ಅಳೆಯುವುದು ನಿಶ್ಶಬ್ದದಲ್ಲಿ ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಎಂಬುದನ್ನು. ಗದ್ದಲದಲ್ಲಿ ಮಾತು ಎಷ್ಟು ತಿಳಿಯುತ್ತದೆ ಎಂಬುದಕ್ಕೆ ಬೇರೆಯೇ ಪರೀಕ್ಷೆ ಇದೆ. ಒಂದೇ ಬಗೆಯ ಆಡಿಯೋಗ್ರಾಂ ಇರುವ ಇಬ್ಬರು ಆ ಪರೀಕ್ಷೆಯಲ್ಲಿ ಅಜಗಜಾಂತರವಾಗಿ ಕಾಣಬಹುದು. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, ಕನ್ನಡ ವಾಕ್ಯಗಳಲ್ಲೇ ಇಂಥ ಪರೀಕ್ಷೆಯನ್ನು ಅಲ್ಲಿ ರೂಪಿಸಿದ್ದಾರೆ. ಹಾಗಿದ್ದೂ ಯಂತ್ರ ಕೊಳ್ಳುವಾಗ ನನ್ನನ್ನು ಅದಕ್ಕೆ ಯಾರೂ ಕೂರಿಸಲಿಲ್ಲ. ಇನ್ನು ಮನೆಯವರು. "ಅಷ್ಟು ದುಡ್ಡು ಸುರಿದು ತೆಗೆಸಿಕೊಟ್ಟರೂ ಹಾಕಿಕೊಳ್ಳುವುದಿಲ್ಲ, ಹಟ" ಎನ್ನುತ್ತಾರೆ. ಹಟವಲ್ಲ ಸ್ವಾಮಿ, ಸುಸ್ತು. ಅರ್ಧ ಕೇಳಿಸಿಕೊಂಡು ಅರ್ಧ ಊಹಿಸುವ ಕೆಲಸ ಗಂಟೆಗಟ್ಟಲೆ ಆಗುವಂಥದ್ದಲ್ಲ.

ಕೊನೆಗೆ ಕೈಹಿಡಿದದ್ದು ದೂರದ ಲೆಕ್ಕ. ಬಯಲಿನಲ್ಲಿ ಮಾತಾಡುವವರ ದೂರ ಅರ್ಧಕ್ಕಿಳಿದರೆ ದನಿ 6 ಡೆಸಿಬೆಲ್ ಏರುತ್ತದೆ. ಬಾಯಿಯ ಹತ್ತಿರವೇ ಮೈಕ್ ಇಟ್ಟರೆ ಕೇಳಬೇಕೆ! ಯಂತ್ರಕ್ಕೆ ತಂತಿಯಿಲ್ಲದೆ ಜೋಡಿಸುವ ಹೆಬ್ಬೆರಳಿನಷ್ಟು ಮೈಕ್ ಒಂದನ್ನು ಕೊಂಡೆ. ಈಗ ದರ್ಶಿನಿಯಲ್ಲಿ ಅಡುಗೆಮನೆಗೆ ಬೆನ್ನು ಹಾಕಿ ಮೂಲೆಯಲ್ಲಿ ನಿಲ್ಲುತ್ತೇನೆ, ಗೆಳೆಯನ ಅಂಗಿಗೆ ಮೈಕ್ ಸಿಕ್ಕಿಸುತ್ತೇನೆ.

ಹೋದ ಭಾನುವಾರ, "ನಿನ್ನ ಕಾಫಿ ಇವತ್ತು ನನ್ನದು" ಎಂದು ದೊಡ್ಡ ಮನಸ್ಸು ಮಾಡಿ ಟೋಕನ್ ತರಲು ಹೋದ. ಮೈಕ್ ತೆಗೆಯುವುದು ಮರೆತಿತ್ತು. ಅಷ್ಟು ಜನರ ಗಲಾಟೆಯ ನಡುವೆ, ಇಪ್ಪತ್ತಡಿ ದೂರದ ಕೌಂಟರಿನಿಂದ, ಒಂದಕ್ಷರವೂ ತಪ್ಪದೆ ಕೇಳಿಸಿತು: "ಒಂದೇ ಕಾಫಿ, ಬೈಟು ಮಾಡಿಬಿಡಿ."